ಮಾಗಿಯ ಚಳಿಯೂ ನಮ್ಮ ಪಾದಗಳೂ

ಧನುರ್ಮಾಸ ಬಂದಿತು. ಮುಂಬಯಿಯಲ್ಲಿ ಚಳಿಯೆಂದರೆ ಬೆಳಗಿನ ಜಾವಕ್ಕೆ ಇನ್ನೊಂದು ಹೊದಿಕೆ ಬೇಕೆನಿಸುವಷ್ಟು ಮಾತ್ರ. ಪುಣೆಯಲ್ಲಿ ಅದು ಕಿವಿಗೆ ಮಫ್ಲರು ಸುತ್ತಿಸುವಷ್ಟು ಬಲವಾಗಿರುತ್ತದೆ. ದಿಲ್ಲಿಯಲ್ಲಿರುವ ನಮ್ಮ ಬಂಧುಗಳಿಗಾದರೋ, ಮಂಜು ಕವಿದ ಬೀದಿಯಲ್ಲಿ ಎದುರು ಬರುವವರ ಮುಖವೂ ಕಾಣದಂಥ ದಿನಗಳು ಇವು. ಸ್ವೆಟರು, ಕಂಬಳಿಗಳನ್ನು ಪೆಟ್ಟಿಗೆಯಿಂದ ಹೊರತೆಗೆದು ತಲೆ, ಕಿವಿ, ಎದೆಗಳ ಯೋಗಕ್ಷೇಮವನ್ನು ನಾವೆಲ್ಲರೂ ವಿಚಾರಿಸುತ್ತೇವೆ. ಎಲ್ಲಕ್ಕಿಂತ ಕೆಳಗಿದ್ದು ಎಲ್ಲವನ್ನೂ ಹೊರುವ ಪಾದಗಳನ್ನು ಮಾತ್ರ ಕೇಳುವವರಿಲ್ಲ. ಇಂದು ಅವುಗಳ ಪರವಾಗಿ ನಾಲ್ಕು ಮಾತು ಬರೆಯಲು ಹೊರಟಿದ್ದೇವೆ.

ಕಾಲಿನ ವಿಷಯವನ್ನು ಪತ್ರಿಕೆಯಲ್ಲಿ ಬರೆಯುವುದೇ ಎಂದು ಕೆಲವು ವಾಚಕರು ನಕ್ಕಾರು. ನಗಲಿ. ಆದರೆ ಒಂದು ಲೆಕ್ಕವನ್ನು ಅವರು ಗಮನಿಸಬೇಕು. ಹೋಟೆಲಿನಲ್ಲಿ ದುಡಿಯುವವನಿಗೆ ಕಾಲೇ ಮೂಲಧನ. ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ರಾತ್ರಿ ಬಾಗಿಲು ಹಾಕುವವರೆಗೆ ಸಪ್ಲಾಯರನು ಅಡುಗೆ ಮನೆಗೂ ಮೇಜಿಗೂ ನಡುವೆ ಎಷ್ಟು ಸಲ ಓಡಾಡುತ್ತಾನೆಂಬುದನ್ನು ಅವನೇ ಎಣಿಸಿರಲಾರನು. ಭಟ್ಟರು ಒಲೆಯ ಮುಂದೆ ನಿಂತಲ್ಲೇ ನಿಲ್ಲುತ್ತಾರೆ. ಗುಮಾಸ್ತರಿಗೆ ಕುರ್ಚಿಯಿದೆಯೆಂಬುದು ಹೆಸರಿಗೆ ಸರಿ. ಡೊಂಬಿವಲಿಯಿಂದ ಫೋರ್ಟಿನವರೆಗೆ ಲೋಕಲ್ ಗಾಡಿಯಲ್ಲಿ ನಿಂತು ಹೋಗಿ, ನಿಂತೇ ಮರಳುವವರ ಕಾಲುಗಳಿಗೆ ಆ ಕುರ್ಚಿಯಿಂದ ಎಷ್ಟು ಸುಖ? ಕೈಗೆ ಪೆಟ್ಟಾದರೆ ಇನ್ನೊಂದು ಕೈಯಿಂದ ಹೇಗೋ ನಡೆಸಬಹುದು. ಕಾಲು ಕೆಟ್ಟರೆ ಊಟವೇ ನಿಂತಿತು.

ನಮ್ಮ ತಪ್ಪಿನ ಕಥೆ

ಉಪದೇಶಕ್ಕೆ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಲೇಖನಿ ಹಿಡಿಯುವುದಕ್ಕೆ ಮುಂಚೆ ನಾವು ಹಲವು ವರ್ಷ ಹೋಟೆಲು ನಡೆಸಿದವರು. ನಮ್ಮಲ್ಲಿ ತಟ್ಟೆ ಲೋಟ ತೊಳೆಯುವ ಕೆಲಸಕ್ಕೆ ಕುಂದಾಪುರದ ಕಡೆಯವರೊಬ್ಬರಿದ್ದರು. ನಮಗಿಂತ ಹತ್ತಾರು ವರ್ಷ ಹಿರಿಯರು. ಊರಿನ ಕೋಲ, ಮದುವೆಗಳಿಗಲ್ಲದೆ ರಜೆ ಕೇಳಿದವರಲ್ಲ. ನಮ್ಮ ಅಡುಗೆ ಮನೆಯೊಳಗೆ ಯಾರೂ ಪಾದರಕ್ಷೆ ಮೆಟ್ಟಬಾರದೆಂಬ ಕಟ್ಟಳೆ ನಮ್ಮ ತಂದೆಯವರ ಕಾಲದಿಂದ ನಡೆದುಬಂದಿತ್ತು. ಒಲೆಯ ಬಳಿಯಲ್ಲಿ ಅದು ಮಡಿಗೆ ಒಪ್ಪುವ ಮಾತು. ನಾವು ಅದನ್ನು ಹಿಂದುಮುಂದು ನೋಡದೆ ತೊಳೆಯುವ ಮೋರಿಯವರೆಗೂ ಎಳೆದಿದ್ದೆವು. ಅಲ್ಲಿ ಶಹಾಬಾದಿನ ಕಲ್ಲು ಹಾಸಿದ ನೆಲ. ಅದರ ಮೇಲೆ ಸೋಪಿನ ನೀರು ಸದಾ ನಿಂತಿರುವುದು. ಮಾಗಿಯ ಬೆಳಗಿನಲ್ಲಿ ಆ ಕಲ್ಲಿನ ಮೇಲೆ ಕಾಲಿಟ್ಟವನಿಗೆ ತಲೆಯವರೆಗೂ ನಡುಕ ಏರುತ್ತಿತ್ತು. ಆ ನೀರಿನಲ್ಲಿ ಅವರು ಬರಿಗಾಲಿನಲ್ಲಿ ದಿನವೆಲ್ಲ ನಿಲ್ಲುತ್ತಿದ್ದರು.

ಒಂದು ಚಳಿಗಾಲದಲ್ಲಿ ಅವರ ಹಿಮ್ಮಡಿ ಒಡೆಯಿತು. ಪ್ರತಿವರ್ಷ ಒಡೆಯುತ್ತಿತ್ತು, ಆದುದರಿಂದ ಯಾರಿಗೂ ಅದು ವಿಶೇಷವೆನಿಸಲಿಲ್ಲ. ಒಡಕಿನ ಸುತ್ತ ಕೆಂಪೇರಿದ್ದುದು ಒಂದು ದಿನ ನಮ್ಮ ಕಣ್ಣಿಗೂ ಬಿದ್ದಿತು. "ಸ್ವಲ್ಪ ಎಣ್ಣೆ ಹಚ್ಚಿಕೊಳ್ಳಿ" ಎಂದು ಹೇಳಿ, ಗಲ್ಲಾದ ಚಿಲ್ಲರೆ ಎಣಿಸತೊಡಗಿದೆವು. ನಾವು ಮಾಡಿದ ಉಪಚಾರ ಅಷ್ಟೇ. ಮುಂದಿನ ವಾರ ಅವರಿಗೆ ನಡುಕದ ಜ್ವರ ಬಂದಿತು. ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಕಾಲನ್ನು ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?" ಎಂದು ಕೇಳಿದರು. ಅಂಥದೊಂದು ಕಾಯಿಲೆ ಇರುವುದು ಅವರಿಗೂ ತಿಳಿಯದು, ನಮಗೂ ತಿಳಿಯದು. ಒಡಕಿನಿಂದ ಒಳಹೊಕ್ಕ ಕೀವು ಆಗಲೇ ಮೂಳೆಯನ್ನು ಮುಟ್ಟಿತ್ತು. ಪ್ರಾಣವುಳಿಸುವುದಕ್ಕಾಗಿ ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಬೇಕಾಯಿತು.

ಊರಿಗೆ ಹೊರಟ ದಿನ ಅವರು ನಮ್ಮನ್ನು ದೂರಲಿಲ್ಲ. "ನೋವೇ ಇರ್ಲಿಲ್ಲ ಧಣಿ, ನೋವಿದ್ರೆ ನಾ ಹೇಳ್ದೆ ಇಪ್ಪುದಾ?" ಎಂದಷ್ಟೇ ಅಂದರು. ದೂರಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ನೋವಿಲ್ಲದ ಗಾಯವೇ ಎಲ್ಲಕ್ಕಿಂತ ದೊಡ್ಡ ಅಪಾಯವೆಂಬುದನ್ನು ನಾವು ಕಲಿತದ್ದು ಇನ್ನೊಬ್ಬರ ಕಾಲಿನ ಬೆಲೆಗೆ. ನಾವು ವೈದ್ಯರಲ್ಲ. ಅಂದಿನಿಂದ ಡಾಕ್ಟರುಗಳನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಹಿಮ್ಮಡಿ ಏಕೆ ಒಡೆಯುತ್ತದೆ?

ಮನುಷ್ಯನ ಶರೀರದಲ್ಲಿ 206 ಮೂಳೆಗಳಿವೆ. ಒಂದೊಂದು ಪಾದದಲ್ಲಿ 26ರಂತೆ ಎರಡು ಪಾದಗಳಲ್ಲಿಯೇ 52. ಅಂದರೆ ದೇಹದ ಮೂಳೆಗಳ ಕಾಲುಭಾಗ ಕಾಲಿನ ತುದಿಯಲ್ಲಿಯೇ ಇದೆ. ಹಿಮ್ಮಡಿಯ ಮೂಳೆಯ ಕೆಳಗೆ ಕೊಬ್ಬಿನ ಒಂದು ಮೆತ್ತೆಯುಂಟು. ನಾವು ನಿಂತಾಗ ಮೈಭಾರಕ್ಕೆ ಆ ಮೆತ್ತೆ ಅಗಲವಾಗುತ್ತದೆ. ಮೇಲಿನ ಚರ್ಮ ಅದರೊಡನೆ ಹಿಗ್ಗಬೇಕು. ಚರ್ಮ ಮೃದುವಾಗಿದ್ದರೆ ಹಿಗ್ಗುತ್ತದೆ. ಒಣಗಿದ್ದರೆ ಬೇಸಗೆಯ ಕೆರೆಯಂಗಳದಂತೆ ಬಿರಿಯುತ್ತದೆ.

ದೇಹದ ಇತರ ಕಡೆಗಳಲ್ಲಿ ಚರ್ಮದೊಳಗೆ ಎಣ್ಣೆ ಸುರಿಸುವ ಗ್ರಂಥಿಗಳಿವೆ. ಅಂಗಾಲಿನಲ್ಲಿ ಅವು ಇಲ್ಲವೇ ಇಲ್ಲ. ಇರುವುದು ಬೆವರಿನ ಗ್ರಂಥಿಗಳು ಮಾತ್ರ. ಚಳಿಗಾಲದಲ್ಲಿ ಬೆವರು ಕಡಿಮೆ. ಮುಂಬಯಿಯಂಥ ಕಡಲತೀರದ ಊರಿನಲ್ಲಿಯೂ ಈ ತಿಂಗಳುಗಳಲ್ಲಿ ಗಾಳಿ ನೆಲದ ಕಡೆಯಿಂದ ಬೀಸುವುದರಿಂದ ಅದು ಶುಷ್ಕವಾಗಿರುತ್ತದೆ. ಇದರ ಮೇಲೆ ಸೋಪು, ಸೋಡಾ, ಬಿಸಿನೀರು ಸೇರಿದರೆ ಚರ್ಮದಲ್ಲಿದ್ದ ಅಲ್ಪಸ್ವಲ್ಪ ಜಿಡ್ಡೂ ತೊಳೆದುಹೋಗುತ್ತದೆ. ದಿನವೆಲ್ಲ ನೀರಿನಲ್ಲಿ ನಿಂತವನ ಕಾಲು ಒಣಗುವುದುಂಟೇ ಎಂದು ಕೇಳುವವರಿಗೆ ಇದೇ ಉತ್ತರ. ಗಟ್ಟಿ ನೆಲ, ಹೆಚ್ಚು ಮೈಭಾರ, ಹಿಂಬದಿ ತೆರೆದ ಚಪ್ಪಲಿ ಇವೂ ಒಡಕನ್ನು ಹೆಚ್ಚಿಸುತ್ತವೆ.

ಮಲಗುವ ಮುನ್ನ ಹತ್ತು ನಿಮಿಷ

ಇದಕ್ಕೆ ದೊಡ್ಡ ಔಷಧ ಬೇಕಾಗಿಲ್ಲ. ದಿನವೂ ತಪ್ಪದೆ ಮಾಡುವ ಅಭ್ಯಾಸ ಬೇಕು. ಕೆಲಸ ಮುಗಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಕಾಲು ತೊಳೆಯಿರಿ. ಸುಡುವ ನೀರು ಕೂಡದು. ಆಗ ಹಿತವೆನಿಸಿದರೂ ಅದು ಚರ್ಮವನ್ನು ಮತ್ತಷ್ಟು ಒಣಗಿಸುತ್ತದೆ. ದಪ್ಪಗಟ್ಟಿದ ಹಿಮ್ಮಡಿಯನ್ನು ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ತಿಕ್ಕಬಹುದು. ಬ್ಲೇಡಿನಿಂದ ಕೆರೆಯುವುದು, ಆಣಿಯನ್ನು ಕತ್ತರಿಸಿ ತೆಗೆಯುವುದು, ಒಡಕಿಗೆ ಬಿಸಿಮೇಣ ಸುರಿಯುವುದು ಇವೆಲ್ಲ ಅಪಾಯದ ಕೆಲಸಗಳು. ಅನಂತರ ಬಟ್ಟೆಯಿಂದ ಒತ್ತಿ ಒರೆಸಿ. ಬೆರಳುಗಳ ಸಂದುಗಳನ್ನು ಮರೆಯಬಾರದು.

ಚರ್ಮದಲ್ಲಿ ಇನ್ನೂ ತುಸು ತೇವವಿರುವಾಗಲೇ ಜಿಡ್ಡು ಹಚ್ಚಬೇಕು. ಜಿಡ್ಡಿನ ಕೆಲಸವೇ ಒಳಗಿನ ತೇವ ಹೊರಹೋಗದಂತೆ ಮುಚ್ಚುವುದು. ವ್ಯಾಸಲೀನ್ ಆಗಬಹುದು, ಕೊಬ್ಬರಿ ಎಣ್ಣೆಯಾಗಬಹುದು, ಎಳ್ಳೆಣ್ಣೆಯಾಗಬಹುದು. ಅಂಗಾಲಿಗೆ ಎಣ್ಣೆ ತಿಕ್ಕುವುದು ನಮ್ಮವರಿಗೆ ಹೊಸದೇನಲ್ಲ. ವಾಗ್ಭಟನ 'ಅಷ್ಟಾಂಗಹೃದಯ'ವು ದಿನಚರಿಯನ್ನು ಹೇಳುವಾಗ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಅಭ್ಯಂಗ ಮಾಡಬೇಕೆಂದು ವಿಧಿಸುತ್ತದೆ. ಉತ್ತರ ಕನ್ನಡದವರಿಗೆ ಮುರುಗಲ ತುಪ್ಪ ಗೊತ್ತಿದ್ದೇ ಇದೆ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಪುನರ್ಪುಳಿಯೆಂದು ಕರೆಯುವ ಹಣ್ಣಿನ ಬೀಜದಿಂದ ತೆಗೆಯುವ ಜಿಡ್ಡು ಅದು. ಕೊಠಡಿಯಲ್ಲಿ ಗಟ್ಟಿಯಾಗಿರುತ್ತದೆ, ಬೆಚ್ಚಗೆ ಮಾಡಿದರೆ ಕರಗುತ್ತದೆ. ಕೊಂಕಣದ ಸಾಮಾನು ಮಾರುವ ಮುಂಬಯಿಯ ಅಂಗಡಿಗಳಲ್ಲಿ ಕೋಕಂ ಎಣ್ಣೆಯೆಂಬ ಹೆಸರಿನಲ್ಲಿ ಬಿಳಿಯ ಗಟ್ಟಿಯಾಗಿ ಅದು ಇಂದಿಗೂ ಸಿಗುತ್ತದೆ. ನಮ್ಮ ಅಜ್ಜಿಯಂದಿರು ಒಡೆದ ಹಿಮ್ಮಡಿಗೆ ಅದನ್ನೇ ಹಚ್ಚುತ್ತಿದ್ದರು. ಚರ್ಮ ಬಹಳ ದಪ್ಪಗಟ್ಟಿದ್ದರೆ ಯೂರಿಯಾ ಬೆರೆತ ಮುಲಾಮು ಔಷಧದ ಅಂಗಡಿಯಲ್ಲಿ ದೊರೆಯುತ್ತದೆ. ಯಾವುದನ್ನು ಹಚ್ಚಿದರೂ ಮೇಲೆ ಹತ್ತಿಯ ಕಾಲುಚೀಲ ಹಾಕಿ ಮಲಗಿರಿ. ಹಾಸಿಗೆಯೂ ಕೆಡದು, ನೆಲದ ಮೇಲೆ ಜಾರಿ ಬೀಳುವ ಭಯವೂ ಇಲ್ಲ. ಎರಡು ವಾರದಲ್ಲಿ ಗುಣ ಕಾಣದಿದ್ದರೆ, ಅಥವಾ ಒಡಕಿನಲ್ಲಿ ರಕ್ತ, ಕೀವು ಕಂಡರೆ ಡಾಕ್ಟರಲ್ಲಿಗೆ ಹೋಗತಕ್ಕದ್ದು.

ಜಿಡ್ಡನ್ನು ಬೆರಳುಗಳ ಸಂದಿಗೆ ಮಾತ್ರ ಹಚ್ಚಬಾರದು. ಹಿಮ್ಮಡಿಗೆ ತೇವ ಮಿತ್ರ. ಸಂದಿಗೆ ತೇವ ಶತ್ರು. ಒದ್ದೆ ಸಂದಿನಲ್ಲಿ ಬೂಷ್ಟಿನ ಜಾತಿಯ ರೋಗಾಣು ಬೆಳೆದು ಚರ್ಮ ಬೆಳ್ಳಗಾಗಿ ಸುಲಿಯುತ್ತದೆ, ತುರಿಸುತ್ತದೆ. ಮಳೆಗಾಲ ಮುಗಿದರೂ ನೀರಿನಲ್ಲಿ ನಿಲ್ಲುವವರಿಗೆ, ಒಂದೇ ಕಾಲುಚೀಲವನ್ನು ಮೂರು ದಿನ ಹಾಕುವ ಗುಮಾಸ್ತರಿಗೆ ಇದು ತಪ್ಪಿದ್ದಲ್ಲ. ದಿನಕ್ಕೊಂದು ಒಗೆದ ಕಾಲುಚೀಲ, ಸಾಧ್ಯವಾದರೆ ದಿನ ಬಿಟ್ಟು ದಿನ ಬೇರೆ ಬೂಟು ಇದ್ದರೆ ಬೂಟಿನೊಳಗಿನ ಬೆವರು ಆರಲು ಅವಕಾಶವಾಗುತ್ತದೆ. ತುರಿಕೆಗೆ ಅಂಗಡಿಯವನು ಕೊಟ್ಟ ಮುಲಾಮನ್ನು ಕೇಳದೆ ಹಚ್ಚಬೇಡಿ. ಸ್ಟೆರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆಯನ್ನು ಅಡಗಿಸಿ, ಒಳಗಿನ ರೋಗವನ್ನು ಬೆಳೆಸುತ್ತದೆ.

ಇನ್ನು ಎರಡು ಸಣ್ಣ ಮಾತು. ಉಗುರನ್ನು ನೇರವಾಗಿ ಕತ್ತರಿಸಬೇಕು. ಮೂಲೆಗಳನ್ನು ಆಳವಾಗಿ ಕೊರೆದರೆ ಉಗುರು ಮಾಂಸದೊಳಕ್ಕೆ ಬೆಳೆಯುತ್ತದೆ. ಪಾದರಕ್ಷೆಯನ್ನು ಸಂಜೆಯ ಹೊತ್ತು ಕೊಳ್ಳಬೇಕು. ದಿನವೆಲ್ಲ ನಿಂತ ಕಾಲು ಸಂಜೆಗೆ ತುಸು ಊದಿರುತ್ತದೆ. ಬೆಳಿಗ್ಗೆ ಸರಿಹೋದದ್ದು ಸಂಜೆಗೆ ಬಿಗಿಯಾಗುತ್ತದೆ.

ದಿಲ್ಲಿಯ ಚಳಿ, ಅಂಗೀಠಿಯ ಬೆಂಕಿ

ದಿಲ್ಲಿಯಲ್ಲಿರುವ ನಮ್ಮವರಿಗೆ ಇನ್ನೊಂದು ತೊಂದರೆಯುಂಟು. ಥಂಡಿಯಲ್ಲಿ ಮರಗಟ್ಟಿದ ಕಾಲನ್ನು ತಂದು ಒಮ್ಮೆಗೇ ಅಂಗೀಠಿಯ ಮುಂದೆ ಚಾಚಿದರೆ, ಬೆರಳುಗಳು ಕೆಂಪಾಗಿ ನೀಲಿಗಟ್ಟಿ ಊದಿಕೊಂಡು, ತುರಿಕೆಯೂ ಉರಿಯೂ ಹತ್ತುತ್ತವೆ. ಇದನ್ನು ಡಾಕ್ಟರುಗಳು ಚಿಲ್‌ಬ್ಲೇನ್ ಎನ್ನುತ್ತಾರೆ. ಚಳಿಗೆ ಕುಗ್ಗಿದ ಸಣ್ಣ ರಕ್ತನಾಳಗಳು ಹಠಾತ್ತಾದ ಶಾಖವನ್ನು ತಾಳಲಾರದುದೇ ಇದಕ್ಕೆ ಮುಖ್ಯ ಕಾರಣ. ಕೆರೆಯದೆ, ಬೆಚ್ಚಗೆ, ಒಣಗಿಸಿ ಇಟ್ಟರೆ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಹೊರಗಿನಿಂದ ಬಂದೊಡನೆ ಒದ್ದೆ ಕಾಲುಚೀಲ ತೆಗೆದು, ಒರೆಸಿ, ಒಣ ಉಣ್ಣೆಯ ಚೀಲ ಹಾಕಿ. ಕಾಲು ಮೆಲ್ಲಮೆಲ್ಲಗೆ ಬೆಚ್ಚಗಾಗಲಿ. ಎರಡು ಚೀಲಗಳನ್ನು ಬಿಗಿಯಾಗಿ ತುರುಕುವುದಕ್ಕಿಂತ ಒಂದು ಸಡಿಲವಾದ ಉಣ್ಣೆಯ ಚೀಲ ಲೇಸು. ಬಿಗಿತದಿಂದ ರಕ್ತದ ಓಟ ತಗ್ಗಿ ಕಾಲು ಮತ್ತೂ ತಣ್ಣಗಾಗುತ್ತದೆ.

ಬೀಡಿ ಸೇದುವವರಿಗೆ

ಹಿತ್ತಲ ಬಾಗಿಲಲ್ಲಿ ನಿಂತು, ಚಳಿಗೆ ಬೆಚ್ಚಗಾಗುತ್ತದೆಂದು ಬೀಡಿ ಹಚ್ಚುವ ತಮ್ಮಂದಿರು ಈ ಭಾಗವನ್ನು ಎರಡು ಸಲ ಓದಬೇಕು. ಬೀಡಿಯಿಂದ ಕಾಲು ಬೆಚ್ಚಗಾಗುವುದಿಲ್ಲ, ತಣ್ಣಗಾಗುತ್ತದೆ. ಚಳಿ ರಕ್ತನಾಳಗಳನ್ನು ಕುಗ್ಗಿಸುವಂತೆಯೇ ನಿಕೋಟಿನ್ ಕೂಡ ಕುಗ್ಗಿಸುತ್ತದೆ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ಎಂಬ ವೈದ್ಯರು ವಿವರಿಸಿದ ಒಂದು ರೋಗಕ್ಕೆ ಅವರ ಹೆಸರೇ ನಿಂತಿದೆ. ಅದು ಮುಖ್ಯವಾಗಿ ತಂಬಾಕಿನ ಚಟವಿರುವ ಎಳೆಯ ಪ್ರಾಯದ ಗಂಡಸರನ್ನು ಹಿಡಿಯುತ್ತದೆ. ನಮ್ಮ ದೇಶದಲ್ಲಿ ಬೀಡಿ ಸೇದುವ ಬಡ ಕೆಲಸಗಾರರಲ್ಲಿ ಡಾಕ್ಟರುಗಳು ಅದನ್ನು ಚೆನ್ನಾಗಿ ಬಲ್ಲರು. ಮೊದಲು ನಡೆಯುವಾಗ ಪಾದ, ಮೀನಖಂಡ ನೋಯುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಚಳಿಯಲ್ಲಿ ಬೆರಳು ಬಿಳಿಚಿ ನೀಲಿಯಾಗುತ್ತದೆ. ಮುಂದೆ ಬೆರಳ ತುದಿಯಲ್ಲಿ ವಾಸಿಯಾಗದ ಹುಣ್ಣು. ಅದಕ್ಕೂ ಮುಂದೆ ಕಪ್ಪು ಬಣ್ಣ. ಇದನ್ನು ತಡೆಯುವ ನಂಬಿಗಸ್ತ ಉಪಾಯ ಒಂದೇ: ತಂಬಾಕನ್ನು ಪೂರ್ತಿಯಾಗಿ ಬಿಡುವುದು. ದಿನಕ್ಕೆ ಒಂದೆರಡೇ ಎಂಬ ರಾಜಿಗೆ ಈ ರೋಗ ಒಪ್ಪುವುದಿಲ್ಲ. ಅಗಿಯುವ ತಂಬಾಕಿಗೂ ವಿನಾಯಿತಿಯಿಲ್ಲ.

ನೋವೆಂಬ ಕಾವಲುಗಾರ

ಈಗ ನಮ್ಮನ್ನು ಕಾಡಿದ ಆ ಮಾತಿಗೆ ಬರೋಣ. ನೋವಿರಲಿಲ್ಲವೇಕೆ?

1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಜನಿಸಿದ ಡಾಕ್ಟರ್ ಪಾಲ್ ಬ್ರಾಂಡ್ ಎಂಬವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದು ಕುಷ್ಠರೋಗಿಗಳ ಸೇವೆಗೆ ತೊಡಗಿದರು. ಆ ರೋಗದಲ್ಲಿ ಕೈಕಾಲು ತಾನಾಗಿಯೇ ಕೊಳೆತು ಉದುರುತ್ತದೆಂದು ಜನರು ನಂಬಿದ್ದರು. ಬ್ರಾಂಡರು ತೋರಿಸಿಕೊಟ್ಟದ್ದು ಬೇರೆ. ನರಗಳು ಸತ್ತು ಸ್ಪರ್ಶ ಹೋಗಿರುತ್ತದೆ. ನೋವಿಲ್ಲದುದರಿಂದ ರೋಗಿಯು ಮುಳ್ಳು ಚುಚ್ಚಿದರೂ, ಬೆಂಕಿ ತಾಗಿದರೂ ಅರಿಯದೆ ಅದೇ ಕಾಲಿನ ಮೇಲೆ ನಡೆಯುತ್ತಾನೆ. ಗಾಯ ಹುಣ್ಣಾಗಿ ಅಂಗ ಹಾಳಾಗುತ್ತದೆ. ನೋವು ಶಿಕ್ಷೆಯಲ್ಲ, ಕಾವಲುಗಾರ. ಕಾವಲುಗಾರನು ಸತ್ತ ಮನೆಗೆ ಕಳ್ಳನು ಹಗಲಿನಲ್ಲಿಯೇ ನುಗ್ಗುತ್ತಾನೆ.

ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿಯೂ ಆಗುವುದು ಇದೇ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಪಾದದ ನರಗಳು ಮೆಲ್ಲನೆ ಮಂಕಾಗುತ್ತವೆ, ರಕ್ತದ ಓಟವೂ ತಗ್ಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ಸುಮಾರು 10.1 ಕೋಟಿ. ಅವರಲ್ಲಿ ತಮಗೆ ರೋಗವಿದೆಯೆಂದು ತಿಳಿಯದವರು ಎಷ್ಟೋ ಮಂದಿ. ಅವರು ಸಿರಿವಂತರೇ ಆಗಿರಬೇಕೆಂದಿಲ್ಲ. ಮೋರಿಯ ಬಳಿ ನಿಂತವರೂ ಆಗಿರಬಹುದು.

ಆದುದರಿಂದ ವರ್ಷಕ್ಕೊಮ್ಮೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ. ಪಾದದಲ್ಲಿ ಜೋಮು, ಉರಿ, ಹತ್ತಿಯ ಮೇಲೆ ನಡೆದಂಥ ಭಾವ ಇದ್ದರೆ ಡಾಕ್ಟರಿಗೆ ತಿಳಿಸಿ. ಅವರು ನೈಲಾನಿನ ಒಂದು ತೆಳ್ಳನೆಯ ಎಳೆಯನ್ನು ಅಂಗಾಲಿಗೆ ಒತ್ತಿ ಸ್ಪರ್ಶವಿದೆಯೇ ಎಂದು ನೋಡುತ್ತಾರೆ. ನೋವಿಲ್ಲ, ಕ್ಷಣಗಳ ಕೆಲಸ. ಸಕ್ಕರೆ ಕಾಯಿಲೆಯಿದ್ದವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ಚಳಿಯೆಂದು ಬಿಸಿನೀರಿನ ಚೀಲವನ್ನಾಗಲಿ, ಬೆಂಕಿಯನ್ನಾಗಲಿ ಪಾದಕ್ಕೆ ಹಿಡಿಯಬಾರದು, ಸುಟ್ಟದ್ದು ತಿಳಿಯದು. ಕಾಲು ತೊಳೆಯುವ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡತಕ್ಕದ್ದು. ಕಾಲನ್ನು ಬಹಳ ಹೊತ್ತು ನೀರಿನಲ್ಲಿ ನೆನೆಸುವುದು, ಕಲ್ಲಿನಿಂದ ಉಜ್ಜುವುದು, ಆಣಿಗೆ ಅಂಗಡಿಯ ಔಷಧ ಹಚ್ಚುವುದು ಇವು ಅವರಿಗೆ ಸಲ್ಲವು. ಗಾಯ, ಬೊಕ್ಕೆ, ಊತ, ಕೆಂಪು, ಕಪ್ಪು, ದುರ್ವಾಸನೆ ಇವುಗಳಲ್ಲಿ ಯಾವುದನ್ನು ಕಂಡರೂ ನಾಳೆ ಎನ್ನದೆ ಅಂದೇ ಆಸ್ಪತ್ರೆಗೆ ಹೋಗಬೇಕು. ರಜೆ ಕೊಡದ ಯಜಮಾನನಿದ್ದರೆ ಈ ಲೇಖನವನ್ನು ಅವನ ಮುಂದಿಡಿ.

ಯಜಮಾನರಲ್ಲಿ ಒಂದು ವಿಜ್ಞಾಪನೆ

ಹೋಟೆಲು ನಡೆಸುವ ಮಿತ್ರರೇ, ಈ ಭಾಗ ತಮಗಾಗಿ. ಮಡಿಗೂ ರಬ್ಬರಿಗೂ ವೈರವಿಲ್ಲ. ಒಳಗೆ ಮಾತ್ರ ಮೆಟ್ಟುವ, ಹೊರಗಿನ ಕೆಸರು ಕಾಣದ ರಬ್ಬರಿನ ಪಾದರಕ್ಷೆಗಳನ್ನು ಅಡುಗೆ ಮನೆಗೂ, ಮೊಣಕಾಲಿನ ಕೆಳಗಿನವರೆಗೆ ಬರುವ ರಬ್ಬರಿನ ಬೂಟುಗಳನ್ನು ತೊಳೆಯುವವರಿಗೂ ತರಿಸಿಕೊಡಿ. ಬೂಟುಗಳು ರಾತ್ರಿ ಬೋರಲಾಗಿ ಒಣಗಲಿ. ಮೋರಿಯ ಬಳಿ ನೀರು ನಿಲ್ಲದಂತೆ ನೆಲವನ್ನು ಇಳಿಜಾರು ಮಾಡಿಸಿ; ಅದಾಗದಿದ್ದರೆ ಕೈಯಿಂದೆತ್ತಿ ತೊಳೆಯಬಹುದಾದ ರಬ್ಬರಿನ ಜಾಳಿಗೆ ಹಾಸಿಸಿ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅರ್ಧ ಗಂಟೆ ಕಾಲನ್ನು ಮೇಲಿಟ್ಟು ಕೂರಲು ಅವಕಾಶ ಕೊಡಿ. ವರ್ಷಕ್ಕೊಮ್ಮೆ ಎಲ್ಲರ ರಕ್ತ ಪರೀಕ್ಷೆ ಮಾಡಿಸಿ. ಒಡೆದ ಕಪ್ಪು ಬಸಿಗಳಿಗೆ ಖರ್ಚು ಬರೆಯುವ ನಾವು, ಒಡೆದ ಹಿಮ್ಮಡಿಗಳಿಗೂ ಒಂದು ಖಾತೆ ತೆರೆದರೆ ಅಂಗಡಿ ಮುಳುಗಲಾರದು. ಇದನ್ನು ನಾವು ಗಲ್ಲಾದಲ್ಲಿ ಕುಳಿತಿದ್ದಾಗ ಮಾಡಬೇಕಾಗಿತ್ತು. ಮಾಡಿದೆವು, ಆದರೆ ತಡವಾಗಿ.

ಒಟ್ಟಿನಲ್ಲಿ ಹೇಳುವುದಿಷ್ಟೇ. ಇಂದು ರಾತ್ರಿ ಮಲಗುವ ಮುನ್ನ ದೀಪದ ಬೆಳಕಿನಲ್ಲಿ ನಿಮ್ಮ ಎರಡು ಅಂಗಾಲುಗಳನ್ನೂ ಹೊರಳಿಸಿ ನೋಡಿ. ಬಗ್ಗಲಾಗದಿದ್ದರೆ ಕೆಳಗೊಂದು ಕನ್ನಡಿ ಇಟ್ಟುಕೊಳ್ಳಿ; ಕಣ್ಣು ಮಂಜಾಗಿದ್ದರೆ ಕೊಠಡಿಯ ಜೊತೆಗಾರನಿಗೆ ತೋರಿಸಿ, ಅವನದನ್ನು ನೀವು ನೋಡಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ನೋವಿದ್ದರೆ ಹೇಳಿ, ನೋವಿಲ್ಲದಿದ್ದರೂ ನೋಡಿ.

ಊರಿನಲ್ಲಿರುವ ಆ ಹಿರಿಯರು ಈಗ ಕೃತಕ ಕಾಲು ಕಟ್ಟಿಕೊಂಡು ಮನೆಯಂಗಳದಲ್ಲಿ ನಡೆದಾಡುತ್ತಾರೆ. ಕಳೆದ ವರ್ಷ ಹೋದಾಗ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು ಆದರಿಸಿದರು. ಹೊರಡುವಾಗ ನಮ್ಮ ಕಾಲಿನ ಕಡೆ ನೋಡಿ, "ಧಣಿ, ನಿಮ್ಮ ಹಿಮ್ಮಡಿಯೂ ಒಡದಿತ್ತಲೆ?" ಎಂದು ಕೇಳಿದರು. ಅವರ ಹಿಮ್ಮಡಿಯನ್ನು ನಾವು ನೋಡಿಯೂ ನೋಡಿರಲಿಲ್ಲ. ನಮ್ಮದನ್ನು ಅವರು ನೋಡಿದ್ದರು.